ಏಳನೆಯ ಸಾಲು

ಸೆಪ್ಟೆಂಬರ್ 2, ಸೋಮವಾರ

ಮಂಡಿಗೆ ಮುಲಾಮು ಹಚ್ಚಿಕೊಂಡು ಬೆಳಗ್ಗೆ ಎಲ್ಲರಿಗಿಂತ ಮೊದಲೇ ಮೈದಾನದಲ್ಲಿದ್ದೆ. ಸುಣ್ಣದ ಗೆರೆ ಮತ್ತೆ ಸೊಟ್ಟ. ಹಗ್ಗ ಹಿಡಿದು ಎಳೆಯಪ್ಪಾ ಎಂದು ಎಷ್ಟು ಬಡಿದುಕೊಂಡರೂ ಜವಾನನದು ಕಣ್ಣಂದಾಜೇ. ಅಳಿಸಿ ನಾನೇ ಎಳೆದೆ. ಬಗ್ಗಿದವಳು ಏಳಲು ಧ್ವಜದ ಕಂಬ ಹಿಡಿಯಬೇಕಾಯಿತು... ಯಾರೂ ನೋಡಲಿಲ್ಲ, ಸದ್ಯ. ಪಿ.ಟಿ. ಮಿಸ್ಸಿನ ಮಂಡಿಯೇ ಕೈಕೊಟ್ಟಿದೆ ಎಂದು ಗೊತ್ತಾದರೆ ನಾಳೆಯಿಂದ ಒಬ್ಬರೂ ಬಸ್ಕಿ ಹೊಡೆಯುವುದಿಲ್ಲ.

ಬ್ಯಾಂಡ್ ಪರವಾಗಿಲ್ಲ. ಹತ್ತನೇ ಕ್ಲಾಸಿನ ಹುಡುಗಿ ‘ಕಡ್ಡಿ’ ಡ್ರಮ್ಮಿನಲ್ಲಿ ಎಡೆಬಿಡದೆ ರೋಲ್ ಹೊಡೆದರೆ ಎಲ್ಲಿ ಶುರು ಎಲ್ಲಿ ಮುಗಿತ ಗೊತ್ತಾಗುವುದಿಲ್ಲ. ಕಡ್ಡಿ ಎಂದು ಹೆಸರಿಟ್ಟದ್ದು ನಾನೇ. ಮೈಯಲ್ಲಿ ಮಾಂಸವಿಲ್ಲ, ಗಂಟಲು ಮಾತ್ರ ಮೈಕು ನುಂಗಿದವಳದು.

ಜಿಲ್ಲಾ ಶಿಕ್ಷಣ ಆಫೀಸಿನಿಂದ ಹೊಸ ಪ್ರತಿಜ್ಞೆ ಬಂದಿದೆ. ಎಂಟು ಸಾಲು. ದಿನಾ ಬೆಳಗ್ಗೆ ಧ್ವಜದ ಮುಂದೆ, ಎದೆಯ ಮೇಲೆ ಕೈಯಿಟ್ಟು. ಯಾವ ಕ್ಲಾಸು ಒಕ್ಕೊರಲಿನಿಂದ ಹೇಳುತ್ತದೋ ಆ ಕ್ಲಾಸಿನ ಬಾಗಿಲಿಗೆ ವಾರವಿಡೀ ಕೆಂಪು ಪಟ, ಬಹುಮಾನದ ಬಾವುಟ. ಓದಿದೆ. ಚೆನ್ನಾಗಿಯೇ ಇದೆ. ಧ್ವಜ ಮೇಲೇರುವಾಗ ಈ ವಯಸ್ಸಿನಲ್ಲೂ ಮಂಡಿಯ ನೋವು ಮರೆತು ನೆಟ್ಟಗೆ ನಿಲ್ಲುತ್ತೇನೆ. ನಾಟಕವಲ್ಲ, ನಿಜ.

ಸೆಪ್ಟೆಂಬರ್ 4, ಬುಧವಾರ

ಎಲ್ಲರೂ ಪ್ರತಿಜ್ಞೆ ಹೇಳುವಾಗ ಕಣ್ಣು ಮುಚ್ಚಿ ಕೇಳುವುದು ನನ್ನ ಅಭ್ಯಾಸ. ತಪ್ಪು ಕಣ್ಣಿಗಿಂತ ಕಿವಿಗೆ ಬೇಗ ಸಿಗುತ್ತದೆ. ಇವತ್ತು ಏಳನೆಯ ಸಾಲಿಗೆ ಎಡಗಡೆ ತೂತು ಬಿದ್ದ ಹಾಗಾಯಿತು. ಎಂಟನೆಯದಕ್ಕೆ ಮತ್ತೆ ತುಂಬಿಕೊಂಡಿತು. ಕಣ್ಣು ಬಿಟ್ಟೆ. ಕಡ್ಡಿ. ಬೇರೆ ಯಾರಾದರೂ ಒಂದು ಸಾಲು ನುಂಗಿಕೊಂಡಿದ್ದರೆ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಇವಳಿಗೆ ಇವಳ ಗಂಟಲೇ ವೈರಿ.

ಏಳನೆಯ ಸಾಲು ಇದು: ‘ಕರೆ ಬಂದ ಗಳಿಗೆಯೇ ಮನೆಮಂದಿಯನ್ನೆಲ್ಲ ಬಿಟ್ಟು, ಹಿಂದೆ ನೋಡದೆ ಹೊರಡುತ್ತೇನೆ.’

ಮರೆತಿರಬೇಕು ಅಂದುಕೊಂಡೆ. ಮರೆಯುವ ಪೈಕಿಯಲ್ಲ ಅವಳು. ನಾಳೆ ವಿಚಾರಿಸಬೇಕು.

ಸೆಪ್ಟೆಂಬರ್ 5, ಗುರುವಾರ

ಪ್ರಾಕ್ಟೀಸ್ ಮುಗಿದ ಮೇಲೆ ಸ್ಟೋರ್ ರೂಮಿಗೆ ಕರೆದೆ. ಜಂಭದ ಹುಡುಗಿ, ನಾಲ್ಕು ಬಿಗಿಯಬೇಕು ಎಂದೇ ಕಾದಿದ್ದೆ. ಡ್ರಮ್ಮಿನ ಪಟ್ಟಿ ಸಡಿಲ ಮಾಡುತ್ತಾ ನಿಂತಿದ್ದಳು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸುತ್ತಿಬಳಸದೆ ಹೇಳಿದಳು.

“ನಂಗೊಬ್ಬಳು ತಂಗಿ ಇದಾಳೆ ಮಿಸ್. ಫಿಟ್ಸ್ ಬರುತ್ತೆ. ಅವಳನ್ನ ಬಿಟ್ಟು ಎಲ್ಲೂ ಹೋಗಲ್ಲ ಅಂತ ಆಸ್ಪತ್ರೇಲಿ ಅಪ್ಪನಿಗೆ ಮಾತು ಕೊಟ್ಟಿದೀನಿ. ಅಪ್ಪ ಅದನ್ನ ಕೇಳ್ಕೊಂಡೇ ಕಣ್ಣು ಮುಚ್ಚಿದ್ದು. ಈಗ ಬಿಟ್ಟು ಹೊರಡ್ತೀನಿ ಅಂತ ಹೇಗೆ ಹೇಳ್ಲಿ? ಎರಡರಲ್ಲಿ ಒಂದು ಸುಳ್ಳಾಗುತ್ತಲ್ಲ.”

ಅಯ್ಯೋ, ಅದೆಲ್ಲ ಬರೀ ಬಾಯಿಮಾತು, ನಿನ್ನಂಥ ಕಡ್ಡಿಯನ್ನು ಯಾರು ಕರೆಯುತ್ತಾರೆ ಎಂದೆ.

“ಬಾಯಿಮಾತಾದ್ರೆ ಎದೆ ಮೇಲೆ ಕೈ ಯಾಕೆ ಇಡಿಸ್ತೀರ ಮಿಸ್?”

ತಲೆಹರಟೆಯಲ್ಲ. ತಿಳಿದುಕೊಳ್ಳಲೆಂದೇ ಕೇಳಿದಳು. ಕೋಲು ಹಿಡಿಯುವಾಗ ಮಣಿಕಟ್ಟು ಬಿಗಿ ಮಾಡಬೇಡ ಎಂದು ಬೈದು ಮನೆಗೆ ಕಳಿಸಿದೆ.

ರಾತ್ರಿ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದೆ. ಈ ಮನೆಯಲ್ಲಿ ಇರುವವರು ನಾವಿಬ್ಬರೇ, ಇನ್ಯಾರಿಗೆ ಹೇಳಲಿ. “ಆ ವಯಸ್ಸಲ್ಲಿ ನೀನು, ಹೇಳು ಅಂದ್ರೆ ಎರಡೆರಡು ಸಲ ಹೇಳ್ತಿದ್ದೆ ಕಣೇ” ಎಂದಳು.

ಸೆಪ್ಟೆಂಬರ್ 11, ಬುಧವಾರ

ಕೆಂಪು ಪಟ ಒಂಬತ್ತನೆಯವರ ಪಾಲಾಯಿತು. ಹತ್ತನೆಯವರಿಗೆ ಹೊಟ್ಟೆಯುರಿ. ಕ್ಲಾಸ್ ಲೀಡರ್ ಹೋಗಿ ಹೆಡ್‌ಮಾಸ್ಟರಿಗೆ ಚಾಡಿ ಹೇಳಿದ್ದಾಳೆ — ಏಳನೆಯ ಸಾಲು ಹೇಳದ ಕಡ್ಡಿಯೊಬ್ಬಳಿಂದ ಹೀಗಾಯಿತು ಅಂತ. ಕಡ್ಡಿಯ ಬೆಂಚಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ‘ದ್ರೋಹಿ’ ಎಂದು ಬರೆದಿದ್ದರು. ಅವಳು ಅಳಿಸಲಿಲ್ಲ, ಅಳಲೂ ಇಲ್ಲ. ಅದರ ಮೇಲೇ ಪುಸ್ತಕ ಇಟ್ಟು ಲೆಕ್ಕ ಮಾಡಿದಳಂತೆ. ತೋಳಿಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡು ಪ್ರಾಕ್ಟೀಸಿಗೆ ಬಂದಳು. ರೋಲ್ ಒಂದಿಷ್ಟೂ ಅಲುಗಲಿಲ್ಲ.

ಹೆಡ್‌ಮಾಸ್ಟರ್ ಕೆಟ್ಟವರಲ್ಲ. ಆಫೀಸಿನ ಕಾಗದ ಕಂಡರೆ ಮಾತ್ರ ಮನುಷ್ಯನ ಜೀವ ಹಾರಿಹೋಗುತ್ತದೆ, ಕನ್ನಡಕ ಒರೆಸಲು ಶುರು ಮಾಡುತ್ತಾರೆ. ಪೂರ್ತಿ ಪ್ರತಿಜ್ಞೆ ಹೇಳದವರ ಹೆಸರನ್ನು ಫೈನಲ್ ಪರೀಕ್ಷೆಗೆ ಕಳಿಸುವ ಹಾಗಿಲ್ಲವಂತೆ. ಕಡ್ಡಿಯ ತಾಯಿಗೆ ಹೇಳಿ ಕಳಿಸಿದ್ದಾರೆ. ಒಂದು ಸಾಲಿಗೆ ಒಂದು ವರ್ಷ! ವರ್ಷವೇನು, ಆ ಮನೆಯಲ್ಲಿ ಈ ವರ್ಷ ತಪ್ಪಿದರೆ ಓದೇ ತಪ್ಪಿದಂತೆ.

ಸೆಪ್ಟೆಂಬರ್ 13, ಶುಕ್ರವಾರ

ತಾಯಿ ಬಂದಿದ್ದರು. ಟೈಲರ್. ಹೊಲಿಯುತ್ತಿದ್ದ ಮಿಷನ್ ಬಿಟ್ಟು ಬಂದಿದ್ದಾರೆ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಹೆಡ್‌ಮಾಸ್ಟರ್ ಪರೀಕ್ಷೆಯ ವಿಷಯ ಹೇಳಿದರು. ಈಗ ಮಗಳ ಕೆನ್ನೆಗೆ ಬಾರಿಸುತ್ತಾರೆ, ಇಲ್ಲಾ ಇವರ ಕಾಲಿಗೆ ಬೀಳುತ್ತಾರೆ ಅಂತ ನಾನು ಎಣಿಸಿದ್ದೆ. ಎರಡೂ ಮಾಡಲಿಲ್ಲ. ಪ್ರತಿಜ್ಞೆ ಪೂರ್ತಿ ಓದಿ ಹೇಳಿ ಸಾರ್ ಎಂದು ಕೇಳಿದರು. ಅವರು ಓದಿದರು. ತಾಯಿ ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿಸಿಕೊಂಡರು.

“ಉಳಿದಿದ್ದೆಲ್ಲ ಹೇಳ್ತಾಳಲ್ಲ ಸಾರ್. ಹೇಳಿದ್ದನ್ನ ಮಾಡೋ ಹುಡುಗಿ ಅವಳು. ಅಷ್ಟು ಸಾಲ್ದಾ?”

ಹೆಡ್‌ಮಾಸ್ಟರ್ ಕನ್ನಡಕ ಒರೆಸಿದರು.

ಗೇಟಿನ ತನಕ ಜೊತೆಗೆ ಹೋದೆ. ಅಲ್ಲಿ ತಡೆಯಲಾರದೆ ಅತ್ತುಬಿಟ್ಟರು. ಇವಳೊಬ್ಬಳು ಓದಿ ದಡ ಸೇರಿದರೆ ಚಿಕ್ಕವಳಿಗೂ ಒಂದು ಆಸರೆಯಾಗುತ್ತದೆ ಎಂಬ ಆಸೆ. ಹಾಗಾದರೆ ಮಗಳಿಗೆ ನೀವೇ ಒಂದು ಮಾತು ಹೇಳಿ, ಒಂದೇ ಒಂದು ಸಾಲು ತಾನೇ ಎಂದೆ. ಟೇಪಿನ ತುದಿಯಲ್ಲೇ ಕಣ್ಣು ಒರೆಸಿಕೊಂಡರು.

“ಸುಳ್ಳು ಹೇಳು ಅಂತ ನಾನೇ ಹೇಳಿದ್ರೆ, ನಾಳೆ ನನ್ನ ಮಾತನ್ನ ಅವಳು ಹೇಗೆ ನಂಬ್ತಾಳೆ ಮೇಡಂ?”

ತಾಯಿಗೆ ತಕ್ಕ ಮಗಳು ಅಂತ ಬೈಯುವಾಗ ಎಷ್ಟೋ ಸಲ ಅಂದಿದ್ದೇನೆ. ಇವತ್ತು ಮನಸ್ಸಿನಲ್ಲೇ ಅಂದುಕೊಂಡೆ, ಕೈಮುಗಿಯುವ ಹಾಗಾಯಿತು.

ಸೆಪ್ಟೆಂಬರ್ 16, ಸೋಮವಾರ

ಉಪಾಯ ಹೊಳೆದದ್ದು ಹಲ್ಲುಜ್ಜುವಾಗ.

ವಾದ್ಯ ಬಾರಿಸುತ್ತಿರುವವರು ಬಾಯಿ ತೆರೆಯಬಾರದು, ಇದು ಬ್ಯಾಂಡಿನ ಹಳೆಯ ಶಿಸ್ತು. ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ. ಹಾಗಾದರೆ ಏಳನೆಯ ಸಾಲಿನ ಹೊತ್ತಿಗೆ ಸರಿಯಾಗಿ ಡ್ರಮ್ ರೋಲ್ ಇಟ್ಟರೆ? ಕಡ್ಡಿಯ ಎರಡೂ ಕೈ ಕೋಲಿನ ಮೇಲೆ, ಬಾಯಿ ಮುಚ್ಚಿರುವುದು ಶಿಸ್ತಿನ ಲೆಕ್ಕಕ್ಕೆ. ಆರನೆಯ ಸಾಲು ಮುಗಿದ ತಕ್ಷಣ ರೋಲ್ ಶುರು, ಎಂಟಕ್ಕೆ ನಿಲುಗಡೆ. ಏಳನೆಯ ಸಾಲಿಗೆ ಒಂದು ಗಾಂಭೀರ್ಯ ಬೇಕಲ್ಲವೇ ಸಾರ್ ಎಂದು ಹೆಡ್‌ಮಾಸ್ಟರಿಗೆ ಹೇಳಿದೆ. ಅವರಿಗೆ ಅರ್ಥವಾಯಿತು. ಅರ್ಥವಾಗದವರ ಹಾಗೆ ಭಲೇ ಎಂದರು.

ಇವತ್ತೇ ಮಾಡಿಸಿದೆ. ಎಷ್ಟು ಚೆನ್ನಾಗಿ ಬಂತೆಂದರೆ ಅಡುಗೆಯವಳು ಸೌಟು ಹಿಡಿದು ಹೊರಗೆ ಬಂದು ನಿಂತಳು. ತೂತು ಮುಚ್ಚಿತು. ಹತ್ತನೆಯವರಿಗೆ ಪಟವೂ ಬರುತ್ತದೆ. ಮಕ್ಕಳನ್ನು ಬದಲಾಯಿಸಲು ಆಗದಿದ್ದರೆ ಅವರು ನಿಲ್ಲುವ ಜಾಗ ಬದಲಾಯಿಸು — ಇಷ್ಟು ವರ್ಷದ ಡ್ರಿಲ್ಲಿನಲ್ಲಿ ನಾನು ಕಲಿತದ್ದು ಇದೊಂದೇ.

ಕಡ್ಡಿಗೆ ಕಾರಣ ಹೇಳಲಿಲ್ಲ. ರೋಲ್ ನಿನ್ನದು ಎಂದೆ, ಅಷ್ಟೆ. ಹಲ್ಲು ಕಾಣುವ ಹಾಗೆ ನಕ್ಕಳು. ನನ್ನ ಬೆನ್ನು ನಾನೇ ತಟ್ಟಿಕೊಂಡು ಟೀಗೆ ಎರಡು ಚಮಚ ಸಕ್ಕರೆ ಹಾಕಿಕೊಂಡೆ.

ಅಕ್ಟೋಬರ್ 3, ಗುರುವಾರ

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಒಳ್ಳೆಯದೇ.

ಇವತ್ತು ಇನ್ಸ್‌ಪೆಕ್ಷನ್. ಜಿಲ್ಲೆಯ ಶಿಕ್ಷಣದ ದೊಡ್ಡ ಸಾಹೇಬರು. ರೋಲ್ ಕೇಳಿ ಮೈ ಜುಮ್ಮೆಂದಿತಂತೆ. ಯಾರ ಕಲ್ಪನೆ ಇದು ಎಂದರು. ಹೆಡ್‌ಮಾಸ್ಟರ್ ನನ್ನನ್ನು ಮುಂದೆ ತಳ್ಳಿದರು. ಸಾಹೇಬರು ಕೈ ಕುಲುಕಿ, ನೀವು ಡ್ರಿಲ್ ಟೀಚರ್ ಅಲ್ಲ, ಕಲಾವಿದೆ ಎಂದರು. ಡ್ರಮ್ಮಿನ ಜೊತೆ ಕಡ್ಡಿಯ ಫೋಟೋ ಹೊಡೆಸಿಕೊಂಡರು. ನಾನು ಪೆದ್ದಿಯ ಹಾಗೆ ಹಲ್ಲು ಕಿರಿದೆ.

ಅಕ್ಟೋಬರ್ 7, ಸೋಮವಾರ

ಆರ್ಡರ್ ಬಂದಿದೆ. ಮುಂದಿನ ತಿಂಗಳು ಆರಕ್ಕೆ ಜಿಲ್ಲಾ ಕ್ರೀಡಾಂಗಣದಲ್ಲಿ ಎಲ್ಲ ಶಾಲೆಗಳ ಸಾಮೂಹಿಕ ಪ್ರತಿಜ್ಞೆ. ನಮ್ಮ ಶಾಲೆ ನಡುವೆ. ನಮ್ಮ ರೋಲ್. ಆಮೇಲೆ ಸಾಹೇಬರ ಸ್ವಂತ ಸುಧಾರಣೆ — ಆರನೆಯ ಸಾಲಿನ ನಂತರ ರೋಲ್, ರೋಲ್ ಥಟ್ಟನೆ ನಿಲ್ಲಬೇಕು, ಇಡೀ ಮೈದಾನ ನಿಶ್ಶಬ್ದ, ಆಗ ಡ್ರಮ್ಮಿನ ಹುಡುಗಿ ಒಬ್ಬಳೇ ಮೈಕಿನಲ್ಲಿ ಏಳನೆಯ ಸಾಲು ಹೇಳಬೇಕು.

ಎರಡು ಸಲ ಓದಿದೆ. ಅವಳನ್ನು ಮರೆಮಾಡಲು ಹೋಗಿ ಜಿಲ್ಲೆಯ ನಡುಮಧ್ಯೆ ತಂದು ನಿಲ್ಲಿಸಿದ್ದೇನೆ. ಕಲಾವಿದೆಯಂತೆ!

ಅಕ್ಟೋಬರ್ 8, ಮಂಗಳವಾರ

ಕಡ್ಡಿಗೆ ಹೇಳಲೇಬೇಕಾಯಿತು. ರೋಲ್ ಯಾಕೆ ಇಟ್ಟೆ ಎಂಬುದನ್ನೂ.

“ಅಂದ್ರೆ ಇಷ್ಟು ದಿನ ನನ್ನ ಬಚ್ಚಿಟ್ಟಿದ್ರಾ ಮಿಸ್?”

ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ಕೋಲುಗಳನ್ನು ಜೋಡಿಸಿ ಮೇಜಿನ ಮೇಲಿಟ್ಟಳು. ಡ್ರಮ್ ಚೆನ್ನಾಗಿ ಬಾರಿಸುತ್ತೇನೆ ಅಂತ ಕೊಟ್ಟಿರಿ ಅಂದುಕೊಂಡಿದ್ದೆ ಎಂದಳು. ಹೌದು ಕಣೇ, ಅದಕ್ಕೂ ಹೌದು ಎಂದು ತಡವರಿಸಿದೆ.

ಅವಳು ನೇರ ಹೆಡ್‌ಮಾಸ್ಟರ್ ಕೋಣೆಗೆ ಹೋದಳು. ನಾನು ಕುಂಟಿಕೊಂಡು ಹಿಂದೆ. ರೋಲ್ ಬಾರಿಸುತ್ತೇನೆ, ಆ ಸಾಲು ಹೇಳುವುದಿಲ್ಲ, ಬೇರೆಯವರನ್ನು ತಯಾರು ಮಾಡಲು ಈಗಿನ್ನೂ ಟೈಮಿದೆ ಸಾರ್ ಎಂದಳು. ಆವತ್ತಿನ ದಿನ ಎಲ್ಲರ ಎದುರು ಯಾರಿಗೂ ಅವಮಾನ ಆಗಬಾರದು, ಅದಕ್ಕೇ ಮುಂಚೆ ಹೇಳುತ್ತಿದ್ದೇನೆ ಎಂದಳು. ದೊಡ್ಡವರಿಗೆ ಬಾರದ ಸೌಜನ್ಯ ಇದು. ತನ್ನ ಬುಡಕ್ಕೇ ಬೆಂಕಿ ಬಿದ್ದಿರುವಾಗ ಸಾಹೇಬರ ಮರ್ಯಾದೆಯ ಚಿಂತೆ ಇವಳಿಗೆ.

ಅಕ್ಟೋಬರ್ 21, ಸೋಮವಾರ

ಹುಡುಗಿಯನ್ನು ಬದಲಾಯಿಸಲು ಸಾಹೇಬರು ಒಪ್ಪಲಿಲ್ಲ. ಪೋಸ್ಟರಿನಲ್ಲಿ ಅವಳ ಫೋಟೋ ಅಚ್ಚಾಗಿದೆ. ಬಸ್ ಸ್ಟ್ಯಾಂಡಿನಲ್ಲಿ ಅಂಟಿಸಿದ್ದಾರೆ, ನೋಡಿ ಬಂದೆ. ಅದರಲ್ಲಿ ಕಡ್ಡಿ ಸ್ವಲ್ಪ ದಪ್ಪ ಕಾಣುತ್ತಾಳೆ.

ಹೆಡ್‌ಮಾಸ್ಟರ್ ಅವಳನ್ನು ಕರೆಸಿ, ಹೇಳದಿದ್ದರೆ ಪರೀಕ್ಷೆಗೆ ಹೆಸರಿಲ್ಲ ಎಂದರಂತೆ. ಗೊತ್ತು ಸಾರ್ ಎಂದಳಂತೆ. ಆಮೇಲೆ ನನ್ನ ವಿಷಯ ತೆಗೆದಿದ್ದಾರೆ. ನೀನು ಆ ಸಾಲು ಹೇಳದ್ದನ್ನು ಮುಚ್ಚಿಟ್ಟಿದ್ದಕ್ಕೆ ನಿಮ್ಮ ಮಿಸ್ ಮೇಲೆ ವಿಚಾರಣೆ ಆಗುತ್ತೆ, ನಿವೃತ್ತಿಯ ಹೊಸ್ತಿಲಲ್ಲಿ ಇದ್ದಾರೆ, ಪೆನ್ಷನ್‌ಗೆ ಕಲ್ಲು ಬೀಳುತ್ತೆ ಅಂತ. ಅದಕ್ಕೆ ಮಾತ್ರ ಅವಳು ಏನೂ ಹೇಳಲಿಲ್ಲವಂತೆ.

ಇದನ್ನು ಅವರೇ ನನಗೆ ತಿಳಿಸಿದರು. ಮೈಯೆಲ್ಲ ಉರಿಯಿತು. ನನ್ನ ಹೆಸರು ಹೇಳಿ ಮಗುವನ್ನು ಹೆದರಿಸುತ್ತೀರಾ ಎಂದು ಕೂಗಾಡಿದೆ. ಅವಳು ತನಗಾಗಿ ಹೆದರುವುದಿಲ್ಲ, ಬೇರೆ ದಾರಿ ಕಾಣಲಿಲ್ಲ ಟೀಚರ್ ಎಂದರು. ಮುಖ ಸಣ್ಣದಾಗಿತ್ತು. ಅವರ ಸ್ಥಿತಿಯೂ ನೋಡಲಾಗಲಿಲ್ಲ.

ನವೆಂಬರ್ 5, ಮಂಗಳವಾರ

ಕೊನೆಯ ಪ್ರಾಕ್ಟೀಸ್ ಮುಗಿಸಿ ಎಲ್ಲರೂ ಹೋದ ಮೇಲೆ ಕಡ್ಡಿ ಬಂದಳು. ಸ್ಟೋರ್ ರೂಮಿನ ಬಾಗಿಲಲ್ಲಿ ನಿಂತು, ನಾಳೆ ಹೇಳ್ತೀನಿ ಮಿಸ್ ಎಂದಳು. ಏನನ್ನು ಎಂದು ಕೇಳುವ ಅಗತ್ಯವಿರಲಿಲ್ಲ. ಮತ್ತೆ ಅಪ್ಪನಿಗೆ ಕೊಟ್ಟ ಮಾತು ಎಂದೆ.

“ಅಪ್ಪ ಈಗಿಲ್ಲ. ನೀವಿದ್ದೀರ.”

ಅಷ್ಟು ಹೇಳಿ ಡ್ರಮ್ಮಿಗೆ ಬಟ್ಟೆ ಹೊದಿಸಿ ಹೋದಳು.

ಸುಳ್ಳೇಕೆ, ಹೆಗಲಿನಿಂದ ಮೂಟೆ ಇಳಿದ ಹಾಗಾಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಹಗುರ. ಪೆನ್ಷನ್ ಉಳಿಯಿತು, ಅವಳ ಪರೀಕ್ಷೆಯೂ ಉಳಿಯಿತು. ಅಕ್ಕ ಬಾಗಿಲು ತೆರೆದು, ಯಾಕೆ ಮುಖ ಹೀಗಿದೆ ಎಂದಳು. ಹೇಗಿದೆ ಅಂತ ಕನ್ನಡಿ ನೋಡಲು ಹೋಗಲಿಲ್ಲ.

ನವೆಂಬರ್ 6, ಬುಧವಾರ, ಸಂಜೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬಿಸಿಲು ಚುರುಗುಟ್ಟುತ್ತಿತ್ತು. ಜಿಲ್ಲೆಯ ಮಕ್ಕಳೆಲ್ಲ ಮೈದಾನದಲ್ಲಿ, ಎಲ್ಲ ಶಾಲೆಯವರೂ ಬೆಳಗಿನಿಂದ ನಿಂತೇ ಇದ್ದರು. ವೇದಿಕೆಯ ಮೇಲೆ ಸಾಹೇಬರು. ನಡುವೆ ನಮ್ಮ ಬ್ಯಾಂಡ್. ಎಲ್ಲರ ಮುಂದೆ ಕಡ್ಡಿ, ಅವಳ ಬಾಯೆತ್ತರಕ್ಕೆ ಮೈಕು. ನಾನು ಅವಳ ಎದುರಿಗೇ ಇದ್ದೆ. ಬೆಳಗಿನಿಂದ ಅವಳು ನನ್ನ ಮುಖ ನೋಡಿರಲಿಲ್ಲ.

ಮೊದಲ ಆರು ಸಾಲು ಚೆನ್ನಾಗಿ ಬಂತು. ರೋಲ್ ಶುರುವಾಯಿತು. ಅವಳು ಹಿಂದೆಂದೂ ಹಾಗೆ ಬಾರಿಸಿಲ್ಲ. ಸಣ್ಣಗೆ ಎದ್ದು, ತುಂಬಿ, ಎದೆ ನಡುಗಿಸಿ, ಥಟ್ಟನೆ ನಿಂತಿತು. ಮೈದಾನದಲ್ಲಿ ಉಸಿರಿಲ್ಲ. ಅವಳು ಬಲಗೈಯ ಕೋಲನ್ನು ಎಡಗೈಗೆ ದಾಟಿಸಿ, ಅಂಗೈಯನ್ನು ಎದೆಯ ಮೇಲೆ ಇಟ್ಟಳು. ಆಗ ನನ್ನನ್ನು ನೋಡಿದಳು. ಅಷ್ಟು ದಿನ ಕ್ಲಾಸಿನವರೆಲ್ಲ ಕಾಡಿದಾಗ ಕಾಣದ ಹೆದರಿಕೆ ಆ ಕಣ್ಣಿನಲ್ಲಿತ್ತು. ತುಟಿ ತೆರೆಯಿತು.

ಯೋಚನೆ ಮಾಡಲಿಲ್ಲ. ನನ್ನ ಸೀಟಿ ನನ್ನ ಬಾಯಲ್ಲಿತ್ತು. ಒಂದು ಉದ್ದ, ಮೂರು ಗಿಡ್ಡ ಊದಿದೆ.

ಜಿಲ್ಲೆಯ ಎಲ್ಲ ಶಾಲೆಗಳಿಗೂ ಸೀಟಿಯ ಭಾಷೆ ಒಂದೇ. ಒಂದು ಉದ್ದ, ಮೂರು ಗಿಡ್ಡ ಎಂದರೆ ಡಿಸ್‌ಪರ್ಸ್, ಸಾಲು ಬಿಟ್ಟು ಚದುರಿ. ಒಂದನೇ ಕ್ಲಾಸಿನಿಂದ ಮಕ್ಕಳ ಕಾಲಿಗೇ ಕಲಿಸಿರುತ್ತೇವೆ, ತಲೆಗಲ್ಲ. ಅಷ್ಟು ಹೊತ್ತು ಬಿಸಿಲಿನಲ್ಲಿ ನಿಂತ ಕಾಲುಗಳು ಬೇರೆ! ಒಂದೇ ಸಲಕ್ಕೆ ಇಡೀ ಮೈದಾನ ಬಿಚ್ಚಿಹೋಯಿತು. ನೀರಿನ ನಲ್ಲಿಗಳ ಕಡೆ, ನೆರಳಿನ ಕಡೆ, ಚಪ್ಪಲಿ ಬಿಟ್ಟು ಬಂದ ಕಡೆ. ನಿಲ್ಲಿ, ನಿಲ್ಲಿ, ಸಾಲಿಗೆ ಬನ್ನಿ ಎಂದು ಸಾಹೇಬರು ಮೈಕಿನಲ್ಲಿ ಕೂಗಿದರು. ಸೀಟಿಯಾದ ಮೇಲೆ ಮಾತಿಗೆ ನಿಲ್ಲಬಾರದು ಎಂದು ಕಲಿಸಿದವರೂ ನಾವೇ. ಹೆಡ್‌ಮಾಸ್ಟರ್ ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ. ಅವರು ನಗುತ್ತಿದ್ದರು ಎಂದು ನನ್ನ ಅನುಮಾನ.

ನಿಂತಲ್ಲೇ ನಿಂತವಳು ಕಡ್ಡಿ ಒಬ್ಬಳೇ. ಆಮೇಲೆ ಡ್ರಮ್ ಬಿಚ್ಚಿ ಕೆಳಗಿಟ್ಟು ನನ್ನ ಹತ್ತಿರ ಬಂದಳು. “ಮಿಸ್, ತಪ್ಪು ಸೀಟಿ ಊದಿದ್ರಿ” ಎಂದಳು. ಇಲ್ಲ ಕಣೇ, ಸರಿಯಾಗಿಯೇ ಊದಿದ್ದೇನೆ ಎಂದೆ. ಎಷ್ಟು ಕಾಟ ಕೊಟ್ಟರೂ ಅಳದ ಹುಡುಗಿ ನನ್ನ ಟ್ರ್ಯಾಕ್‌ಸೂಟಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಮಧ್ಯಾಹ್ನ ಸಾಹೇಬರ ಕೋಣೆಯಲ್ಲಿ ಮಂಗಳಾರತಿ. ಆದರೆ ಹುಡುಗಿಯ ಮೇಲೆ ಒಂದು ಮಾತೂ ಹೊರಿಸಲು ಆಗಲಿಲ್ಲ. ಎದೆಯ ಮೇಲೆ ಕೈಯಿಟ್ಟಿದ್ದಳು, ಬಾಯಿ ತೆರೆದಿದ್ದಳು, ಜಿಲ್ಲೆಯೇ ನೋಡಿದೆ. ಅವಳು ತಯಾರಿದ್ದಳು ಸಾರ್, ತಡೆದದ್ದು ಟೀಚರ್ ಎಂದು ಹೆಡ್‌ಮಾಸ್ಟರೇ ಎದ್ದು ನಿಂತು ಹೇಳಿದರು. ಕಾಗದ ಕಂಡರೆ ನಡುಗುವ ಮನುಷ್ಯ, ಸಾಹೇಬರ ಕಣ್ಣೆದುರೇ ಪರೀಕ್ಷೆಯ ಕಾಗದಕ್ಕೆ ಅವಳ ಹೆಸರು ಬರೆದು ಸಹಿ ಹಾಕಿ ಕೊಟ್ಟರು. ಸಹಿ ನೆಟ್ಟಗೆ ಬಿತ್ತು. ಇಷ್ಟು ವರ್ಷ ಆ ಮನುಷ್ಯನನ್ನು ನಾನು ಅರ್ಧವೇ ನೋಡಿದ್ದೆ.

ಉಳಿದದ್ದು ನನಗೆ. ಸೀಟಿ ಯಾಕೆ ಊದಿದೆ ಎಂದು ನಾಳೆ ಹನ್ನೆರಡರೊಳಗೆ ವಿವರಣೆ ಬರೆದು ಕೊಡಬೇಕು. ಕೊಟ್ಟದ್ದು ಹಿಡಿಸದಿದ್ದರೆ ಅಮಾನತು.

ನವೆಂಬರ್ 7, ಗುರುವಾರ, ಬೆಳಗ್ಗೆ

ಅಕ್ಕ ಎದ್ದಾಗಿನಿಂದ ನೆವ ಹುಡುಕಿ ಕೊಡುತ್ತಿದ್ದಾಳೆ. ಬಿಸಿಲಿಗೆ ತಲೆ ಸುತ್ತಿ ಬಂತು ಅಂತ ಬರಿ. ಮಕ್ಕಳು ಬವಳಿ ಬಂದು ಬೀಳುವ ಹಾಗಿದ್ದರು ಅಂತ ಬರಿ. ಕೈತಪ್ಪಿ ಆಯಿತು ಅಂದರೆ ಮುಗಿಯಿತು, ವಯಸ್ಸಾದವಳು ಎಂದು ಬಿಟ್ಟುಬಿಡುತ್ತಾರೆ ಎಂದಳು. ಹೆಡ್‌ಮಾಸ್ಟರ್ ಕೂಡ ನಿನ್ನೆ ಅದನ್ನೇ ಸೂಚಿಸಿದ್ದರು. ಒಂದೇ ಒಂದು ಸಾಲು ತಾನೇ ಟೀಚರ್, ಎಂದು.

‘ಕೈತಪ್ಪಿ’ ಎಂದು ಬರೆದೂ ನೋಡಿದೆ. ಪೆನ್ಷನ್ ಕಣ್ಣ ಮುಂದೆ ಬಂತು, ಅಕ್ಕನ ಔಷಧಿ ಬಂತು, ಮನೆ ಬಾಡಿಗೆ ಬಂತು. ಆಮೇಲೆ ಎದೆಯ ಮೇಲೆ ಕೈಯಿಟ್ಟು ನಿಂತ ಆ ಹುಡುಗಿ ಬಂದಳು. ಹಾಳೆ ಹರಿದೆ.

ಅಕ್ಕ ಕೇಳಿದಳು, ಮತ್ತೇನು ಬರೆಯುತ್ತೀ ಅಂತ. ಟೀ ಇಡು ಎಂದೆ. ಆಫೀಸಿಗೆ ಬರೆಯುವ ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ, ಕೈ ಗಟ್ಟಿಯಾಗಲಿ.

ಮಾನ್ಯರೇ,

ಸೀಟಿಯನ್ನು ಬೇಕೆಂದೇ ಊದಿದ್ದೇನೆ. ಕೈತಪ್ಪಿ ಅಲ್ಲ. ನನ್ನ ಶಾಲೆಯಲ್ಲಿ ಹೇಳಿದ್ದನ್ನು ನಡೆಸುವ ಒಬ್ಬ ಹುಡುಗಿ ಇದ್ದಾಳೆ. ನನ್ನನ್ನು ಉಳಿಸಲು ಅವಳು ಅಪ್ಪನಿಗೆ ಕೊಟ್ಟ ಮಾತನ್ನೇ ಮುರಿಯಲು ಬಾಯಿ ತೆರೆದಳು, ಅದನ್ನು ತಡೆಯಲು ಊದಿದೆ.